ಉಳುಕಿದ ಕಾಲು, ನಿಲ್ಲದ ಕೆಲಸ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ರಾಗಿ ಬೆಳೆಯುವವರೂ ರೇಷ್ಮೆಹುಳು ಸಾಕುವವರೂ ಬಹುಮಂದಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯಕ್ಕೆ ಕೋಡಿಹಳ್ಳಿಯದೇ ಹೆಸರು. ಕಾಡು ಅಷ್ಟು ಹತ್ತಿರವಿರುವುದರಿಂದ ತೆನೆ ಬಲಿತ ರಾಗಿಯನ್ನು ಆನೆಗಳಿಂದ ಉಳಿಸಿಕೊಳ್ಳಲು ರಾತ್ರಿಯಿಡೀ ಹೊಲ ಕಾಯುವುದೂ ಬೇಸಾಯದ ಒಂದು ಅಂಗವಾಗಿದೆ. ಕತ್ತಲಲ್ಲಿ ಬದುವಿನ ಕಲ್ಲು ಜಾರಿಯೋ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಇಳಿಯುವಾಗ ಹೆಜ್ಜೆ ತಪ್ಪಿಯೋ ಪಾದವು ಒಳಕ್ಕೆ ಮಡಚಿಕೊಳ್ಳುವುದು ಇಂಥ ಬದುಕಿನಲ್ಲಿ ಅಪರೂಪವಲ್ಲ. ಪ್ರಾಣಕ್ಕೆ ಅಪಾಯವಿಲ್ಲದ ಪೆಟ್ಟಾದ್ದರಿಂದ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಗುಣವಾಗಬಹುದಾದ ಉಳುಕು ವರ್ಷವಿಡೀ ಕಾಡುವ ಮನೆಗಳುಂಟು. ಅಲ್ಲಿ ವಿಚಾರಿಸಿದರೆ, ಅದೇ ಕಾಲು ಎರಡನೆಯ ಸಲ, ಮೂರನೆಯ ಸಲ ಮಡಚಿಕೊಂಡಿರುವುದು ತಿಳಿದುಬರುತ್ತದೆ.

ಕಾಲಿನ ಹೊರಹರಡಿನ ಕೆಳಗೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ಅಸ್ಥಿರಜ್ಜುಗಳಿವೆ. ವೈದ್ಯರು ಲಿಗಮೆಂಟ್ ಎನ್ನುವುದು ಇವನ್ನೇ. ಪಾದ ಮಡಚಿದಾಗ ಇವು ಹಿಗ್ಗುತ್ತವೆ, ಕೆಲವೊಮ್ಮೆ ಎಳೆಎಳೆಯಾಗಿ ಹರಿಯುತ್ತವೆ. ಮೊದಲ ಮೂರು-ನಾಲ್ಕು ದಿನ ಊತವೂ ನೋವೂ ಹೆಚ್ಚು. ಬಳಿಕ ಶರೀರವು ಹರಿದ ಜಾಗದಲ್ಲಿ ಹೊಸ ಎಳೆಗಳನ್ನು ಹೊಸೆಯತೊಡಗುತ್ತದೆ. ಈ ಎಳೆಗಳು ಮೊದಮೊದಲು ಅಡ್ಡಾದಿಡ್ಡಿಯಾಗಿಯೂ ಬಲಹೀನವಾಗಿಯೂ ಇರುತ್ತವೆ. ತಕ್ಕಮಟ್ಟಿಗೆ ಗಟ್ಟಿಯಾಗಲು ಸುಮಾರು ಆರು ವಾರ ಬೇಕು, ಪೂರ್ಣ ಬಲ ಬರಲು ಹಲವು ತಿಂಗಳು. ನೋವಾದರೋ ಸಾಮಾನ್ಯವಾಗಿ ಹತ್ತು-ಹದಿನೈದು ದಿನಗಳಲ್ಲೇ ತಗ್ಗಿಬಿಡುತ್ತದೆ. ನೋವು ಹೋದ ದಿನಕ್ಕೂ ರಜ್ಜು ಬಲಿತ ದಿನಕ್ಕೂ ನಡುವೆ ಇರುವ ಈ ಕೆಲವು ವಾರಗಳಲ್ಲೇ ಮರುಪೆಟ್ಟು ಬೀಳುತ್ತದೆ.

ರೇಷ್ಮೆ ಬೆಳೆಗಾರರ ಲೆಕ್ಕ ಇಲ್ಲಿ ಬಹಳ ಕ್ರೂರವಾದುದು. ಎರಡನೆಯ ಜ್ವರ ಎದ್ದ ಚಾಕಿ ಹುಳುಗಳನ್ನು ಮನೆಗೆ ತಂದ ದಿನವೇ ಯಜಮಾನರ ಕಾಲು ಉಳುಕಿತು ಎಂದಿಟ್ಟುಕೊಳ್ಳೋಣ. ಹುಳುಗಳು ನಾಲ್ಕನೆಯ ಜ್ವರ ಎದ್ದು ಕೊನೆಯ ಹಂತಕ್ಕೆ ಬರುವುದು ಸುಮಾರು ಹತ್ತು-ಹನ್ನೆರಡು ದಿನಗಳಿಗೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಅಂದರೆ ಕಾಲಿನ ನೋವು ತಗ್ಗಿ, ರಜ್ಜು ಇನ್ನೂ ಹಸಿಯಾಗಿರುವ ದಿನಗಳಲ್ಲೇ ಸೊಪ್ಪಿನ ಹೊರೆ ಅತ್ಯಂತ ಭಾರವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ಧಾವಂತ, ಅನಂತರ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸುವ ಆತುರ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಇಂಥವರಿಗೆ ಹೇಳುವುದು ಸುಲಭ, ಹುಳು ಕಾಯುವುದಿಲ್ಲ. ಬೆಳೆ ಹೋದರೆ ಸಾಲದ ಕಂತು ನಿಲ್ಲುತ್ತದೆ.

ಆದ್ದರಿಂದ ಮಾಡಬೇಕಾದುದು ಕೆಲಸದ ಹಂಚಿಕೆ, ಅದೂ ಉಳುಕಿದ ಮೊದಲ ವಾರದಲ್ಲೇ. ಸೊಪ್ಪು ಕೊಯ್ದು ಹೊರುವುದು, ಏಣಿ ಹತ್ತುವುದು, ಉತ್ತ ನೆಲದ ಮೇಲೆ ನಡೆಯುವುದು, ಇವನ್ನು ಮುಯ್ಯಾಳಿಗೆ ಒಪ್ಪಿಸಿ. ಮುಂದಿನ ಬೆಳೆಯಲ್ಲಿ ಮುಯ್ಯಿ ತೀರಿಸಿದರಾಯಿತು. ಹುಳುಮನೆಯೊಳಗಿನ ಸಮನೆಲದಲ್ಲಿ ನಿಂತು ಸೊಪ್ಪು ಹಾಕುವುದು, ಎತ್ತರದ ಮಣೆಯ ಮೇಲೆ ಕುಳಿತು ಹಣ್ಣುಹುಳು ಆಯುವುದು ನಿಮ್ಮ ಪಾಲಿಗಿರಲಿ. ಕಾಯಕ ತಪ್ಪಿತೆಂಬ ಅಳುಕು ನಮ್ಮ ಹಿರಿಯ ಭಕ್ತರಲ್ಲಿ ಬಲವಾಗಿರುವುದನ್ನು ಬಲ್ಲೆವು. ಕುಳಿತು ಮಾಡಿದ ಕೆಲಸವೂ ಕಾಯಕವೇ. ಕಾಲು ಮಡಚಿ ಕೂರಲಾಗದವರು ಕುರ್ಚಿಯ ಮೇಲೆ ಕುಳಿತೇ ಲಿಂಗಪೂಜೆ ಮಾಡಿಕೊಳ್ಳಬಹುದು.

ಎಷ್ಟು ಕೆಲಸ ಮಾಡಬಹುದೆಂದು ತಿಳಿಯುವುದು ಹೇಗೆ? ಕೆಲಸದ ನಡುವಿನ ನೋವನ್ನು ನಂಬಬೇಡಿ. ಮೈ ಬಿಸಿಯಾದಾಗ ಕೀಲು ಸಡಿಲಗೊಂಡು ನೋವು ಮರೆಯಾಗುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಗಳನ್ನು ಗಮನಿಸಿ. ನಿನ್ನೆಯ ಬೆಳಗಿಗಿಂತ ನೋವೂ ಊತವೂ ಹೆಚ್ಚಿದ್ದರೆ ನಿನ್ನೆಯ ಕೆಲಸ ಅತಿಯಾಯಿತೆಂದು ತಿಳಿದು ಆ ದಿನ ಅರ್ಧಕ್ಕೆ ಇಳಿಸಿ. ಹಾಗೆಯೇ ಇದ್ದರೆ ಅಷ್ಟೇ ಮುಂದುವರಿಸಿ, ಕಡಿಮೆಯಾಗಿದ್ದರೆ ತುಸು ಏರಿಸಿ. ಸಂಜೆ ಸ್ವಲ್ಪ ಊದಿಕೊಂಡು ರಾತ್ರಿ ಕಾಲೆತ್ತಿ ಮಲಗಿದಾಗ ಇಳಿಯುವ ಊತ ಕೆಲವು ವಾರ ಸಹಜ; ಅದಕ್ಕೆ ಹೆದರಬೇಕಿಲ್ಲ.

ಹಾಸಿಗೆ ಹಿಡಿದು ಮಲಗುವುದೂ ಸರಿಯಲ್ಲ. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ ಬಿಗಿಯುವುದು, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಉಪಚಾರಗಳನ್ನು ಒಟ್ಟಿಗೆ ಹೇಳಿದರು. ಲೋಕವೆಲ್ಲ ಅದನ್ನು ಪಾಲಿಸಿತು. ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಹಲವು ವರ್ಷಗಳ ತರುವಾಯ ಅವರೇ ಬರೆದರು. ಮೊದಲ ಎರಡು ದಿನ ನೋವು ತಡೆಯಲಾಗದಾಗ ತಣ್ಣೀರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಸಾಕು. ಆಮೇಲೆ ಸಹಿಸಬಹುದಾದಷ್ಟು ನಡೆಯುವುದೇ ಔಷಧ. ಹೊಸ ಎಳೆಗಳು ಸಾಲಾಗಿ ಜೋಡಿಕೊಳ್ಳುವುದು ಹದವಾದ ಎಳೆತ ಬಿದ್ದಾಗ.

ಮೂಳೆ ಮುರಿದಿದೆಯೇ ಎಂಬ ಪ್ರಶ್ನೆ ಮೊದಲ ದಿನದ್ದು. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ಪೆಟ್ಟಾದ ಕೂಡಲೇ ಮತ್ತು ವೈದ್ಯರೆದುರು ನಾಲ್ಕು ಹೆಜ್ಜೆ ಭಾರ ಬಿಟ್ಟು ನಡೆಯಲಾಗದಿದ್ದರೆ, ಅಥವಾ ಎರಡು ಹರಡುಗಳಲ್ಲಿ ಯಾವುದರದ್ದೇ ಹಿಂಬದಿಯ ಮೂಳೆ, ಪಾದದ ಹೊರ ಅಂಚಿನ ನಡುವಿನ ಉಬ್ಬುಮೂಳೆ, ಒಳಪಾದದ ಮೇಲ್ಬದಿಯ ಮೂಳೆ, ಇವುಗಳನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಇವಾವುವೂ ಇಲ್ಲದಿದ್ದರೆ ಮುರಿದಿರುವ ಸಂಭವ ತೀರ ಕಡಿಮೆ.

ನಮ್ಮಲ್ಲಿ ನೋವಾದೊಡನೆ ಬಿಸಿ ಎಣ್ಣೆ ಹಾಕಿ ಬಲವಾಗಿ ನೀವುವ ರೂಢಿಯಿದೆ. ಮೊದಲ ಮೂರು ದಿನ ಅದರಿಂದ ಊತ ಹೆಚ್ಚುತ್ತದೆ, ಬಿಡಬೇಕು. ಬಿದಿರ ಕಡ್ಡಿಯಿಟ್ಟು ಬಿಗಿಯಾಗಿ ಕಟ್ಟುವುದು ಇನ್ನೂ ಅಪಾಯಕರ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ಬೆಳಗಾಗಲೆಂದು ಕಾಯದೆ ಬಿಚ್ಚಿ. ರಕ್ತಸಂಚಾರ ನಿಂತು ಕಾಲನ್ನೇ ಕಳೆದುಕೊಳ್ಳುವ ಸಂಭವವಿದೆ. ಸಕ್ಕರೆ ಕಾಯಿಲೆಯವರು ಕಾಲಿಗೆ ಶಾಖ ಕೊಡಲೇಬಾರದು. ಅವರ ಪಾದಕ್ಕೆ ಬಿಸಿ ತಿಳಿಯದೆ ಬೊಕ್ಕೆ ಏಳುತ್ತದೆ, ಉಳುಕಿಗಿಂತ ಆ ಹುಣ್ಣೇ ದೊಡ್ಡ ಕಷ್ಟವಾಗುತ್ತದೆ. ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಲಕ್ಕೆ ಹೋಗುವವರು ಎರಡು ವಿಧದಲ್ಲಿ ನಷ್ಟ ಹೊಂದುತ್ತಾರೆ. ಅದು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು. ಜೊತೆಗೆ ಎಚ್ಚರಿಸಬೇಕಾದ ನೋವನ್ನೇ ಅಡಗಿಸಿಬಿಡುತ್ತದೆ. ಮೀನಖಂಡ ಊದಿ ನೋಯುತ್ತಿದ್ದರೆ, ಅದರಲ್ಲೂ ಉಸಿರು ಸಿಕ್ಕಿಕೊಂಡರೆ, ಕೂಡಲೇ 108ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ಸಾಧನೆ. ಪೆಟ್ಟಿನಿಂದ ರಜ್ಜಿನೊಳಗಿನ ಸೂಕ್ಷ್ಮ ನರಗಳೂ ಮಂಕಾಗಿ, ಪಾದ ಎತ್ತ ವಾಲುತ್ತಿದೆಯೆಂಬ ಅರಿವು ಮಿದುಳಿಗೆ ತಡವಾಗಿ ತಲುಪುತ್ತದೆ. ಎರಡನೆಯ ವಾರದಿಂದ, ನೋವಿಲ್ಲದಿದ್ದರೆ, ಗೋಡೆಗೆ ಕೈಯಾನಿಸಿ ಪೆಟ್ಟಾದ ಕಾಲೊಂದರ ಮೇಲೆಯೇ ನಿಲ್ಲುವ ಅಭ್ಯಾಸ ಮಾಡಿ. ದಿನಕ್ಕೆ ಐದಾರು ಸಲ, ಪ್ರತಿಸಲ ಅರ್ಧ ನಿಮಿಷ. ಆಮೇಲೆ ಕೈ ಬಿಟ್ಟು, ಅದೂ ಸಾಧಿಸಿದ ಮೇಲೆ ಮನೆಯವರೊಬ್ಬರು ಪಕ್ಕದಲ್ಲಿರುವಾಗ ಕಣ್ಣು ಮುಚ್ಚಿ. ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲಲಾಗದ ಕಾಲು ಕತ್ತಲ ಬದುವಿನ ಮೇಲೆ ಓಡಲಾರದು. ಅಲ್ಲಿಯವರೆಗೆ ರಾಗಿ ಹೊಲದ ಕಾವಲಿಗೆ ಮನೆಯ ಬೇರೊಬ್ಬರು ಹೋಗಲಿ. ಹೋಗಲೇಬೇಕಾದಲ್ಲಿ ಚಪ್ಪಲಿ ಬಿಟ್ಟು ಹಿಮ್ಮಡಿಯನ್ನು ಹಿಡಿದಿಡುವ ಬೂಟು ತೊಟ್ಟು, ಹರಡಿಗೆ ಪಟ್ಟಿ ಸುತ್ತಿ, ಟಾರ್ಚ್ ಹಿಡಿದು ಹೋಗಿ.