ಒಂದು ಪ್ರಯಾಣ, ಎರಡು ಟಿಕೇಟು: ಲಾಭವೆಷ್ಟು, ನಷ್ಟವೆಷ್ಟು?



ತೆಂಗು ಬೆಳೆಯುವ ನಮ್ಮ ನೊಣವಿನಕೆರೆ ಸೀಮೆಯವರು ಒಮ್ಮೆಯಾದರೂ ನೋಡಿಬರಬೇಕಾದ ಸ್ಥಳ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಇದು 1970ರಲ್ಲಿ ಈಗಿನ ರೂಪ ಪಡೆಯಿತು. ತಿಪಟೂರಿನಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲೂ ಹಾಸನದಲ್ಲೂ ಗಾಡಿ ಬದಲಿಸಿ, ಸಕಲೇಶಪುರದ ಘಟ್ಟ ಇಳಿದು ಅಲ್ಲಿಗೆ ಹೋಗಬಹುದು. ಇಂಥ ಪ್ರಯಾಣಕ್ಕೆ ಒಂದೇ ಟಿಕೇಟು ಕೊಳ್ಳುವುದೋ, ಬಿಡಿಬಿಡಿಯಾಗಿ ಕೊಳ್ಳುವುದೋ?

ಈ ಪಾಠವನ್ನು ನಾನು ಹಣ ಕಳೆದುಕೊಂಡೇ ಕಲಿತೆ. ಹಾಸನದವರೆಗೆ ಸಾಮಾನ್ಯ ಟಿಕೇಟು, ಅಲ್ಲಿಂದ ಮುಂದಕ್ಕೆ ಕಾಯ್ದಿರಿಸಿದ ಸ್ಲೀಪರ್ ಟಿಕೇಟು ಕೊಂಡಿದ್ದೆ. ನಡುವೆ ನಾನು ಬಿಟ್ಟುಕೊಂಡಿದ್ದುದು ಒಂದು ಗಂಟೆಯಷ್ಟೆ. ಮೊದಲ ಗಾಡಿ ತಡವಾಯಿತು, ಎರಡನೆಯದು ಹೊರಟುಹೋಗಿತ್ತು. ಸ್ಲೀಪರ್ ಹಣ ಹಿಂದಕ್ಕೆ ಬರಲಿಲ್ಲ. ಜೊತೆಗೆ ಬಂದಿದ್ದ ಇಬ್ಬರು ರೈತರ ಎದುರಿಗೆ ತಲೆ ತಗ್ಗಿಸಬೇಕಾಯಿತು.

ಬಿಡಿ ಟಿಕೇಟಿಗೆ ಖರ್ಚು ಹೆಚ್ಚೇಕೆ?

ರೈಲ್ವೆ ದರವು ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಪ್ರಯಾಣವನ್ನು ತುಂಡು ಮಾಡಿದರೆ ಪ್ರತಿಯೊಂದು ತುಂಡಿಗೂ ಮೊದಲಿನ ಹೆಚ್ಚಿನ ದರವೇ ಬೀಳುತ್ತದೆ. ಹತ್ತು ಚೀಲ ಕೊಬ್ಬರಿಯನ್ನು ಒಂದೇ ಗಾಡಿಯಲ್ಲಿ ತಿಪಟೂರು ಮಾರುಕಟ್ಟೆಗೆ ಸಾಗಿಸುವುದನ್ನು ಬಿಟ್ಟು ದಿನಕ್ಕೊಂದು ಚೀಲ ಸಾಗಿಸಿದ ಹಾಗೆ.

ಕನಿಷ್ಠ ದೂರದ ನಿಯಮವೂ ಉಂಟು. ಸ್ಲೀಪರ್ ದರ್ಜೆಯಲ್ಲಿ ಎಷ್ಟೇ ಹತ್ತಿರಕ್ಕೆ ಹೋದರೂ 200 ಕಿಲೋಮೀಟರಿನ ದರ ಕೊಡಬೇಕು. ಹಾಸನದಿಂದ ಮಂಗಳೂರಿಗೆ 200 ಕಿಲೋಮೀಟರಿಗಿಂತ ಕಡಿಮೆ. ಮಂಗಳೂರಿನಿಂದ ಕಾಸರಗೋಡಿಗೆ 50ಕ್ಕಿಂತ ಕಡಿಮೆ. ಎರಡು ಸ್ಲೀಪರ್ ಟಿಕೇಟು ಕೊಂಡರೆ 400 ಕಿಲೋಮೀಟರಿನ ಹಣ ತೆತ್ತಂತಾಯಿತು. ಕಾಯ್ದಿರಿಸುವ ಶುಲ್ಕವೂ ಎರಡು ಸಲ.

ಒಂದೇ ಟಿಕೇಟು ಯಾವಾಗ?

ಸಾಮಾನ್ಯ ದರ್ಜೆಯಲ್ಲಿ ಹೋಗುವವರು ತಿಪಟೂರಿನಿಂದ ಕಾಸರಗೋಡಿಗೆ ಒಂದೇ ಟಿಕೇಟು ಕೇಳುವುದು ಲೇಸು. ಜಂಕ್ಷನ್ನಿನಲ್ಲಿ ಇಳಿದು 24 ಗಂಟೆಯೊಳಗೆ ಮುಂದಿನ ಸಂಪರ್ಕ ಗಾಡಿ ಹಿಡಿದರೆ ಅದು ಪ್ರಯಾಣ ಮುರಿದಂತಲ್ಲ. ದೂರ 200 ಕಿಲೋಮೀಟರು ಅಥವಾ ಹೆಚ್ಚಿದ್ದರೆ ಇಂಥ ಟಿಕೇಟನ್ನು ಮೂರು ದಿನ ಮುಂಚಿತವಾಗಿ ಕೊಳ್ಳಬಹುದು. ಆದರೆ ಹಾಸನದ ನೆಂಟರ ಮನೆಯಲ್ಲಿ ಎರಡು ದಿನ ಉಳಿಯುವ ಯೋಚನೆಯಿದ್ದರೆ ಈ ಟಿಕೇಟು ಸಲ್ಲದು. ನಡುವೆ ಉಳಿಯುವ ಅವಕಾಶ 500 ಕಿಲೋಮೀಟರು ಮೀರಿದ ಪ್ರಯಾಣಕ್ಕೆ ಮಾತ್ರ, ಅದೂ ಮೊದಲ 500 ಕಿಲೋಮೀಟರು ಕ್ರಮಿಸಿದ ಮೇಲೆ.

ಎರಡು ಟಿಕೇಟು ಯಾವಾಗ?

ಪೂರ್ತಿ ದೂರಕ್ಕೆ ಜಾಗ ಸಿಗದೆ, ಅದೇ ಗಾಡಿಯಲ್ಲಿ ಎರಡು ಭಾಗಗಳಿಗೆ ಬೇರೆ ಬೇರೆ ಜಾಗ ಸಿಕ್ಕಾಗ ಇದು ಉಪಯೋಗಕ್ಕೆ ಬರುತ್ತದೆ. ಮೊದಲ ಟಿಕೇಟು ಮುಗಿಯುವ ನಿಲ್ದಾಣದಿಂದಲೇ ಎರಡನೆಯದು ಆರಂಭವಾಗಬೇಕು. ನಡುವೆ ಒಂದು ನಿಲ್ದಾಣದ ಅಂತರವೂ ಇರಕೂಡದು. ಟಿಕೇಟಿನ ಗಡಿ ಮೀರಿ ಹೋದವರು 1989ರ ರೈಲ್ವೆ ಕಾಯಿದೆಯ 138ನೆಯ ಕಲಮಿನಂತೆ ದರದ ಜೊತೆಗೆ ಹೆಚ್ಚುವರಿ ಹಣ ತೆರಬೇಕಾಗುತ್ತದೆ. ಎರಡೂ ಟಿಕೇಟುಗಳನ್ನು ಪರೀಕ್ಷಕರಿಗೆ ಮೊದಲೇ ತೋರಿಸಿ. ನಡುವೆ ಜಾಗ ಬದಲಿಸಲು ಸಿದ್ಧರಾಗಿರಿ.

ಗಾಡಿ ತಪ್ಪಿದರೆ?

ಎರಡೂ ಕಾಯ್ದಿರಿಸಿದ ಟಿಕೇಟುಗಳಾಗಿದ್ದರೆ ರಕ್ಷಣೆಯುಂಟು. 2019ರ ಏಪ್ರಿಲ್ 1ರಿಂದ ಎರಡರ ಪಿ.ಎನ್.ಆರ್. ಸಂಖ್ಯೆಗಳನ್ನು ಜೋಡಿಸುವ ಏರ್ಪಾಡು ಬಂದಿದೆ. ಪ್ರಯಾಣಿಕರ ವಿವರಗಳು ಎರಡರಲ್ಲೂ ಒಂದೇ ಆಗಿರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ರದ್ದತಿ ಶುಲ್ಕವಿಲ್ಲದೆ ಹಿಂದಕ್ಕೆ ಬರುತ್ತದೆ. ಕಿಟಕಿಯಲ್ಲಿ ಕೊಂಡ ಟಿಕೇಟನ್ನು ಮೊದಲ ಗಾಡಿ ತಲಪಿದ ಮೂರು ಗಂಟೆಯೊಳಗೆ ಒಪ್ಪಿಸಬೇಕು. ಮೊಬೈಲಿನಲ್ಲಿ ಕೊಂಡವರು ಟಿ.ಡಿ.ಆರ್. ಅರ್ಜಿ ಸಲ್ಲಿಸಬೇಕು.

ಮೊದಲ ಟಿಕೇಟು ಸಾಮಾನ್ಯ ದರ್ಜೆಯದಾಗಿದ್ದರೆ ಈ ರಕ್ಷಣೆಯಿಲ್ಲ. ನಾನು ಎಡವಿದ್ದು ಇಲ್ಲಿಯೇ. ಅಂಥವರು ಒಂದು ಗಾಡಿ ಮುಂಚಿನದನ್ನೇ ಹಿಡಿಯುವುದು ಕ್ಷೇಮ. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು: 2018ರಲ್ಲೂ 2024ರಲ್ಲೂ ಘಟ್ಟದಲ್ಲಿ ಗುಡ್ಡ ಕುಸಿದು ರೈಲುಗಳು ದಿನಗಟ್ಟಲೆ ನಿಂತಿದ್ದವು.

ನೆನಪಿಡಿ: ಸಾಧ್ಯವಾದರೆ ಒಂದೇ ಟಿಕೇಟು, ಎರಡಾದರೆ ಜೋಡಿಸಿದ ಟಿಕೇಟು, ಜೋಡಿಸಲಾಗದಿದ್ದರೆ ಕೈಯಲ್ಲಿ ಸಾಕಷ್ಟು ಸಮಯ. ಓದು ಬಲ್ಲವರು ಇದನ್ನು ನೆರೆಹೊರೆಯವರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.