ಆಧಾರವನ್ನು ಕೇಳುವ ಆಂಗ್ಲ ನುಡಿಗಳು

ಪರರ ಮಾತನ್ನು ಕೇಳಿದೊಡನೆ ನಂಬುವುದು ಸುಲಭ. ಅದಕ್ಕೆ ಆಧಾರವೇನೆಂದು ವಿನಯದಿಂದ ವಿಚಾರಿಸುವುದು ಕಷ್ಟ. ಆಂಗ್ಲಭಾಷೆಯಲ್ಲಿ ಈ ಕಷ್ಟವು ಇಮ್ಮಡಿಯಾಗುವುದು. ಕನ್ನಡದ ಪ್ರಶ್ನೆಯನ್ನು ಪದಕ್ಕೆ ಪದವಿಟ್ಟು ಹೇಳಿದರೆ ಅರ್ಥವು ಕೆಡುವುದು, ಇಲ್ಲವೆ ಕೇಳಿದವರ ಮನಸ್ಸು ನೋಯುವುದು. ಆದುದರಿಂದ ನಮ್ಮ ಸೀಮೆಯ ಸಂಗತಿಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಕೆಲವು ನುಡಿಗಳನ್ನು ಪರಿಶೀಲಿಸೋಣ.

1. "ಯಾರು ಹೇಳಿದರು?" ಎಂಬುದಕ್ಕೆ "ಹೂ ಟೋಲ್ಡ್?" ಎಂದು ನಿಲ್ಲಿಸುವುದು ತಪ್ಪು. "ಹೂ ಟೋಲ್ಡ್ ಯೂ?" ಎನ್ನಬೇಕು. ಇದು ಸುದ್ದಿಯ ಮೂಲವನ್ನು ಮಾತ್ರ ಕೇಳುವುದು. "ಹೂ ಸೇಸ್ ಸೋ?" ಎಂಬುದಾದರೋ ಮಾತನ್ನೇ ಅಲ್ಲಗಳೆಯುವ ಧ್ವನಿಯುಳ್ಳದ್ದು, ಗೆಳತಿಯರಲ್ಲಿ ಸಲ್ಲುವುದು, ಹಿರಿಯರೆದುರಿಗೆ ಸಲ್ಲದು.

2. "ಹೌದೇ?" ಎಂಬ ಅರ್ಥದಲ್ಲಿ ಎಲ್ಲೆಡೆಯೂ "ಈಸ್ ಇಟ್?" ಎನ್ನುವ ಅಭ್ಯಾಸವು ನಮ್ಮಲ್ಲಿ ಬಹಳ. ಪ್ರಶ್ನೆಯು ಎದುರಿನವರ ಕ್ರಿಯಾಪದವನ್ನು ಅನುಸರಿಸತಕ್ಕದ್ದು. ಬೆಟ್ಟದಪುರವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ "ಈಸ್" ಎಂದವರಿಗೆ "ಈಸ್ ಇಟ್?" ಎನ್ನಬಹುದು. ಹೆಗ್ಗಡದೇವನಕೋಟೆಯ ಕಬಿನಿ ಅಣೆಕಟ್ಟು 1974ರಲ್ಲಿ "ವಾಸ್ ಕಂಪ್ಲೀಟೆಡ್" ಎಂದವರಿಗೆ "ವಾಸ್ ಇಟ್?" ಎಂದೂ, ಲಕ್ಷ್ಮಣತೀರ್ಥವು ಹುಣಸೂರಿನಲ್ಲಿ "ಫ್ಲೋಸ್" ಎಂದವರಿಗೆ "ಡಸ್ ಇಟ್?" ಎಂದೂ ಕೇಳಬೇಕು.

3. "ಹೌ ಯೂ ನೋ?" ಅಶುದ್ಧ, "ಹೌ ಡೂ ಯೂ ನೋ?" ಶುದ್ಧ. ಎಡತೊರೆಯ ಬಳಿಯ ಕೃಷ್ಣರಾಜನಗರಕ್ಕೆ ಮುಮ್ಮಡಿ ಕೃಷ್ಣರಾಜರ ಹೆಸರಿಟ್ಟರೆಂದು ಒಬ್ಬರು ಹೇಳಿದರೆನ್ನಿ. ಆ ಹೆಸರು ನಾಲ್ವಡಿಯವರದು. ಆಗ "ಯೂ ಆರ್ ರಾಂಗ್" ಎಂದು ಮುಖಕ್ಕೆ ಹೊಡೆದಂತೆ ಹೇಳುವ ಬದಲು "ಆರ್ ಯೂ ಶೂರ್?" ಎಂದರೆ, ಹೇಳಿದವರೇ ಮರಳಿ ಯೋಚಿಸುವರು. "ಮೇ ಐ ಆಸ್ಕ್ ವೇರ್ ಯೂ ರೆಡ್ ದಟ್?" ಎಂಬುದು ಇನ್ನೂ ಮೃದು.

4. ತರಗತಿಯಲ್ಲಿ "ಐ ಹ್ಯಾವ್ ಎ ಡೌಟ್" ಎಂದರೆ ಪ್ರಶ್ನೆಯಿದೆಯೆಂದು ನಾವು ಭಾವಿಸುವೆವು. ಪರದೇಶದವರಿಗೆ ಅದು ಅಪನಂಬಿಕೆಯಾಗಿ ಕೇಳಿಸಬಹುದು. "ಐ ಹ್ಯಾವ್ ಎ ಕ್ವೆಸ್ಚನ್" ಎಂಬುದೇ ಲೇಸು. "ಐ ಡೌಟ್ ಇಟ್" ಎಂದರೆ "ನಾನು ನಂಬಲಾರೆ" ಎಂದೇ ಅರ್ಥ.

ಇದು ಬರಿಯ ವ್ಯಾಕರಣದ ಪಾಠವಲ್ಲ. ಹದಿನಾರರ ಹುಡುಗಿಗೆ ಮದುವೆ ಮಾಡಲು ಕಾನೂನಿನ ಅಡ್ಡಿಯಿಲ್ಲವೆಂದು ಯಾರಾದರೂ ಧೈರ್ಯವಾಗಿ ಹೇಳಿದಾಗ, "ವಿಚ್ ಲಾ ಸೇಸ್ ಸೋ?" ಎಂಬ ಪ್ರಶ್ನೆಯು ಒಂದು ಬಾಳನ್ನೇ ಉಳಿಸೀತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ವಧುವಿಗೆ 18 ವರುಷ ತುಂಬಿರಲೇಬೇಕು. ಆ ಪ್ರಶ್ನೆಯನ್ನು ಆಂಗ್ಲದಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಕೇಳುವ ಮಗಳನ್ನು ಹೆತ್ತವರು ಉದ್ಧಟಳೆಂದು ಗದರಿಸಬಾರದು.

ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯದವರು ಪೌಲನ ಬೋಧನೆಯನ್ನೂ ಶಾಸ್ತ್ರಗ್ರಂಥಗಳಲ್ಲಿ ಪ್ರತಿದಿನ ಶೋಧಿಸಿ ನೋಡಿದರು. ಅದಕ್ಕಾಗಿ ನಿಂದೆಗೊಳಗಾಗದೆ ಸದ್ಗುಣಿಗಳೆನಿಸಿದರು. ನಮ್ಮ ಹೆಣ್ಣುಮಕ್ಕಳೂ ಅಂತೆಯೇ ಮನುಷ್ಯನನ್ನು ಹಳಿಯದೆ ಮಾತಿನ ಆಧಾರವನ್ನು ಕೇಳುವವರಾಗಲಿ.