ಮೆಣಸಿನ ಬಳ್ಳಿಯ ಬುಡ ಕಾಯುವ ಬೂಷ್ಟು



ಕಳೆದ ಮಳೆಗಾಲ ಒಬ್ಬ ಅಕ್ಕ ಕಾಳುಮೆಣಸಿನ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಭೆಗೆ ಬಂದಿದ್ದರು. ಎಲೆ ತುಂಬ ಕಪ್ಪು ಮಚ್ಚೆ. "ಸಿಸ್ಟರ್, ಸಂಘದ ಸಾಲದಲ್ಲಿ ಟ್ರೈಕೋಡರ್ಮಾ ತಂದು ಹಾಕಿದೆ, ಆದ್ರೂ ಬಳ್ಳಿ ಸತ್ತೇ ಹೋಯ್ತು" ಎಂದರು. ಯಾವಾಗ ಹಾಕಿದ್ರಿ ಎಂದು ಕೇಳಿದೆ. ಎಲೆ ಬಾಡಿದ ಮೇಲಂತೆ. ಹಿಂದಿನ ದಿನ ಬುಡಕ್ಕೆ ಬೋರ್ಡೋ ದ್ರಾವಣವನ್ನೂ ಸುರಿದಿದ್ದರು! ಅಂಗಡಿಯವರು ಪುಡಿ ಕೊಟ್ಟರು, ಅದು ಹೇಗೆ ಕೆಲಸ ಮಾಡುತ್ತದೆಂದು ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಈ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ಥೊರಾ ಕ್ಯಾಪ್ಸಿಸಿ ಎಂಬ ಸೂಕ್ಷ್ಮಜೀವಿ. ಅಡಿಕೆಗೆ ಕೊಳೆರೋಗ ತರುವುದೂ ಇದರದೇ ಕುಲ. ಇದರ ಬೀಜಾಣುಗಳಿಗೆ ಬಾಲದಂಥ ಎಳೆಗಳಿವೆ. ಮಣ್ಣಿನ ನೀರಿನಲ್ಲಿ ಈಜಿಕೊಂಡು ಹೋಗಿ ಬೇರು ಹಿಡಿಯುತ್ತವೆ. ಆದ್ದರಿಂದಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಡದಲ್ಲಿ ನೀರು ನಿಲ್ಲಬಾರದು. ಮೇಲೆ ಇಡೀ ಬಳ್ಳಿ ಬಾಡುವ ಹೊತ್ತಿಗೆ ಕೆಳಗೆ ಬೇರು, ಬುಡ ಕೊಳೆತಿರುತ್ತದೆ. ಸತ್ತ ಬೇರನ್ನು ಯಾವ ಪುಡಿಯೂ ಬದುಕಿಸದು.

ಟ್ರೈಕೋಡರ್ಮಾ ಗೊಬ್ಬರವಲ್ಲ, ಜೀವ ಇರುವ ಹಸಿರು ಬೂಷ್ಟು. ಮೊದಲೇ ಹಾಕಿದ್ರೆ ಬೇರಿನ ಸುತ್ತ ಜಾಗ ಹಿಡಿದು, ಅಲ್ಲಿನ ಆಹಾರ ತಿಂದು, ರೋಗಾಣುವಿಗೆ ಎಡೆ ಕೊಡುವುದಿಲ್ಲ. ಬಳ್ಳಿ ಮರಕ್ಕೆ ಸುತ್ತಿದ ಹಾಗೆ ರೋಗಾಣುವಿನ ಎಳೆಗೆ ಸುತ್ತಿಕೊಂಡು, ಕಿಣ್ವ ಬಿಟ್ಟು ಅದರ ಗೋಡೆ ಕರಗಿಸುತ್ತದೆ. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಮೆಣಸಿಗೆ ಇದನ್ನು ಶಿಫಾರಸು ಮಾಡಿದೆ. ಕೊಡಗಿನ ಅಪ್ಪಂಗಳದಲ್ಲೂ ಆ ಸಂಸ್ಥೆಯ ಕೇಂದ್ರವಿದೆ.

ಹಾಗೇ ಪುಡಿ ಚೆಲ್ಲಬೇಡಿ. 90 ಕಿಲೋ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಸುಮಾರು 15 ದಿನ ಇಡಿ. ನಡುವೆ ತಿರುವಿ ಹಾಕಿ. ಬೂಷ್ಟು ಹಬ್ಬಿದ ಈ ಗೊಬ್ಬರವನ್ನು ಮುಂಗಾರು ಶುರುವಾಗುವಾಗ, ಬೇರು ಕಡಿಯದಂತೆ ಬುಡಕ್ಕೆ ಹಾಕಿ. ಪ್ಯಾಕೆಟಿನ ಮೇಲೆ ಮುಗಿಯುವ ತಾರೀಕು ನೋಡಿಯೇ ತನ್ನಿ, ಬಿಸಿಲಿಗೆ ಇಡಬೇಡಿ.

ಇನ್ನು ಬೋರ್ಡೋ. ಎಲೆಗೆ 1% ಸಿಂಪಡಣೆ ಬೇಕೇ ಬೇಕು, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದ್ರೆ ಮೈಲುತುತ್ತದಲ್ಲಿರುವ ತಾಮ್ರಕ್ಕೆ ಒಳ್ಳೆಯ ಬೂಷ್ಟು, ಕೆಟ್ಟ ಬೂಷ್ಟು ಎಂಬ ಭೇದ ಗೊತ್ತಿಲ್ಲ. ಬುಡಕ್ಕೆ ಎರಡನ್ನೂ ಒಟ್ಟಿಗೆ ಹಾಕಿದ್ರೆ ದುಡ್ಡು ಕೊಟ್ಟು ತಂದದ್ದನ್ನು ನಾವೇ ಕೊಂದ ಹಾಗೆ. ಕನಿಷ್ಠ 15 ದಿನ ಅಂತರವಿರಲಿ. ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ, ತೋಟದ ಬದಿಗೆ ಎಸೆಯಬೇಡಿ.

ಆ ಅಕ್ಕನ ಸಾಲದ ಕಂತು ಇನ್ನೂ ಮುಗಿದಿಲ್ಲ. ಉಳಿದ ಬಳ್ಳಿಗಳಿಗೆ ಗೊಬ್ಬರ ಕಲಸಲು ಮೇ ತಿಂಗಳಲ್ಲಿ ಅವರ ಹಟ್ಟಿಯ ಬಳಿ ಎಲ್ಲರೂ ಸೇರುತ್ತೇವೆ. ಬರುವವರು ಒಂದೊಂದು ಹಳೇ ಗೋಣಿ ತನ್ನಿ.